ಗೈಡ್ ಉಂಡ ಎಲೆ

ಎತ್ತಬೇಕೋ, ಬಿಡಬೇಕೋ.

ವಸಂತ್ ಎಲೆಯ ಮುಂದೆ ಕೂತಿದ್ದ. ಮುದ್ದೆ ಮುಗಿದಿತ್ತು, ಅನ್ನ ಮುಗಿದಿತ್ತು. ಮಜ್ಜಿಗೆ ನೀರು ಎಲೆಯ ಅಂಚಿಗೆ ಬಂದು ನಿಂತಿತ್ತು. ಅವನ ಒಂದು ಪಕ್ಕ ವೆಂಕಟರಾಯಪ್ಪನವರು, ಇನ್ನೊಂದು ಪಕ್ಕ ಅವರ ಮಗ ಕೆಂಪರಾಜ್. ಸಾಲಿನ ಕೊನೆಯವರೆಗೂ ಅವರದೇ ನೆಂಟರು. ಎಲ್ಲರೂ ತ್ಯಾಮಗೊಂಡ್ಲು ಕಡೆಯ ಜಮೀನುದಾರರು. ರಾಗಿ ಒಕ್ಕಣೆ ಮುಗಿಸಿ ಮಂಗಳೂರು ನೋಡಲು ಬಸ್ಸು ಮಾಡಿಕೊಂಡು ಬಂದಿದ್ದರು. ಪಿಲಿಕುಳದ ಮೃಗಾಲಯಕ್ಕೆ ಹೋಗುವ ರಸ್ತೆಯ ಬದಿ, ಒಂದು ಹಲಸಿನ ಮರದ ಕೆಳಗೆ ಊಟ. ಊಟವಾದ ಮೇಲೆ ಹುಲಿ.

ಎತ್ತಬೇಕೋ, ಬಿಡಬೇಕೋ ಎಂದು ಅವನ ತಲೆ ಕೇಳುತ್ತಿತ್ತು. ಕೈ ಕೇಳಲಿಲ್ಲ. ಕೈ ಎಲೆಯನ್ನು ಮಡಿಸಿತು. ಅವನು ಎದ್ದು ನಿಂತ.

"ಏನ್ರೀ ಗೈಡು," ಎಂದರು ವೆಂಕಟರಾಯಪ್ಪ. "ಎಲೆ ಎತ್ಕೊಂಡು ಎಲ್ಲಿಗೆ ಹೊರಟ್ರಿ?"

ಸಾಲು ಅವನನ್ನು ನೋಡಿತು. ಆ ಕಡೆಯ ಊರುಗಳಲ್ಲಿ ಈ ಪ್ರಶ್ನೆಯ ಅರ್ಥ ಎಲ್ಲರಿಗೂ ಗೊತ್ತು. ಗೌಡರ ಮನೆಯ ಮದುವೆಗೆ, ತಿಥಿಗೆ ಕೇರಿಯವರೂ ಹೋಗುತ್ತಾರೆ. ಕೊನೆಯ ಪಂಕ್ತಿಯಲ್ಲಿ, ಹಿತ್ತಲಲ್ಲಿ ಉಣ್ಣುತ್ತಾರೆ. ಉಂಡ ಮೇಲೆ ತಮ್ಮ ಎಲೆ ತಾವೇ ಎತ್ತುತ್ತಾರೆ. ಉಳಿದವರ ಎಲೆ ಹಾಗೇ ಬಿದ್ದಿರುತ್ತದೆ. ಅದನ್ನೂ ಕೇರಿಯವರೇ ಎತ್ತುತ್ತಾರೆ. ಹಾಗೆಂದು ಎಲ್ಲೂ ಬರೆದಿಲ್ಲ. ಯಾರೂ ಯಾರಿಗೂ ಹೇಳಿಕೊಡುವುದೂ ಇಲ್ಲ. ಆದರೆ ಊಟ ಮುಗಿದಾಗ ಯಾರ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಸಾಕು.

"ಹಾಸ್ಟೆಲ್‌ನಲ್ಲಿದ್ದ ಅಭ್ಯಾಸ ಸಾರ್," ಎಂದ ವಸಂತ್.

"ಹಂಗನ್ನಿ. ನಾನೆಲ್ಲೋ ಬೇರೆ ಅಂದ್ಕೊಂಡೆ." ವೆಂಕಟರಾಯಪ್ಪ ನಕ್ಕರು. "ಬಿಡ್ರೀ, ಇಡಿ ಅಲ್ಲಿ. ಅವಳಿದಾಳಲ್ಲ. ಲೇ ಕದಿರಮ್ಮ."

ವಸಂತ್ ಎಲೆಯನ್ನು ಮತ್ತೆ ನೆಲದ ಮೇಲೆ ಇಟ್ಟ. ಮಡಿಸಿದ್ದನ್ನು ಬಿಡಿಸಿ ಇಟ್ಟ. ಯಾಕೆ ಬಿಡಿಸಿದೆ ಎಂದು ಅವನಿಗೇ ತಿಳಿಯಲಿಲ್ಲ.

ಬಸ್ಸಿನ ನೆರಳಿನಿಂದ ಕದಿರಮ್ಮ ಬಂದಳು. ಬಿದಿರಿನ ಕುಕ್ಕೆಯನ್ನು ಸೊಂಟಕ್ಕೆ ಆನಿಸಿಕೊಂಡಿದ್ದಳು. ಬಗ್ಗಿ ಒಂದೊಂದೇ ಎಲೆ ಎತ್ತುತ್ತಾ ಬಂದಳು. ವಸಂತನ ಎಲೆಯ ಮುಂದೆ ಅವಳ ಬೆನ್ನು ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅದನ್ನೂ ಎತ್ತಿ ಕುಕ್ಕೆಗೆ ಹಾಕಿಕೊಂಡಳು.

ಕದಿರಮ್ಮ ಅವನ ತಾಯಿಯ ಅಕ್ಕ. ಅವನ ದೊಡ್ಡಮ್ಮ.

ತಾಯಿ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋದರೆ ದೊಡ್ಡಬೆಳವಂಗಲದ ಹತ್ತಿರದ ಕೇರಿಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳು. ಗಂಡ ಸತ್ತು ತವರಿಗೆ ಬಂದಿದ್ದಳು. ವಸಂತ್ ಕಾಲೇಜು ಸೇರುವ ಹೊತ್ತಿಗೆ ಅವಳ ಮಗಳನ್ನು ತ್ಯಾಮಗೊಂಡ್ಲು ಕಡೆಗೆ ಕೊಟ್ಟರು. ಕದಿರಮ್ಮ ಮಗಳ ಜೊತೆ ಹೋದಳು. ಅಲ್ಲಿ ವೆಂಕಟರಾಯಪ್ಪನವರ ಕೊಟ್ಟಿಗೆ ಬಾಚುವ ಕೆಲಸ ಸಿಕ್ಕಿತು. ವಸಂತ್ ಇತಿಹಾಸದಲ್ಲಿ ಎಂ.ಎ. ಮಾಡಿದ. ಕೆಲಸ ಸಿಗಲಿಲ್ಲ. ನೆಲಮಂಗಲದ ಒಂದು ಟ್ರಾವೆಲ್ಸ್‌ನವರು ಕರೆದಾಗ ಹೋಗಿ, ಬಸ್ಸಿನಲ್ಲಿ ಮೈಕು ಹಿಡಿದು ಕಥೆ ಹೇಳುವ ಕೆಲಸ ಹಿಡಿದ.

ಈ ಬಸ್ಸನ್ನು ಅವನು ಹತ್ತಿದ್ದು ನೆಲಮಂಗಲದಲ್ಲಿ. ಹತ್ತಿದ ಕೂಡಲೇ ಕೊನೆಯ ಸೀಟಿನಲ್ಲಿ, ದಬರಿ ಕೊಳಗದಂಥ ಅಡುಗೆ ಪಾತ್ರೆಗಳ ನಡುವೆ, ದೊಡ್ಡಮ್ಮ ಕಂಡಳು. ಅವಳ ಮುಖ ಅರಳಿತು. ಬಾಯಿ ತೆರೆಯಿತು. ವಸಂತ್ ಡ್ರೈವರ್ ಕಡೆ ತಿರುಗಿ ಮೈಕು ಸರಿಯಿದೆಯೇ ಎಂದು ಕೇಳಿದ. ಮತ್ತೆ ನೋಡಿದಾಗ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಅಷ್ಟೇ ನಡೆದದ್ದು. ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಮಾತಾಗಿದ್ದರೆ ತಪ್ಪನ್ನು ಇಬ್ಬರೂ ಹಂಚಿಕೊಳ್ಳಬಹುದಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಹಾಸನ ದಾಟುವ ಮುಂಚೆ ಇಡ್ಲಿ ಕೊಡುತ್ತಾ ವೆಂಕಟರಾಯಪ್ಪನವರ ಹೆಂಡತಿ ಭಾಗ್ಯಮ್ಮ ಕೇಳಿದ್ದರು.

"ನಿಮ್ದು ಯಾವೂರಾಯ್ತಪ್ಪ?"

"ದೊಡ್ಡಬಳ್ಳಾಪುರದ ಕಡೆ ಅಮ್ಮ."

"ಅಲ್ಲಿ ಯಾರ ಪೈಕಿ?"

ಅವನು ನಕ್ಕ. "ಬೆಂಗಳೂರಲ್ಲೇ ಓದಿದ್ದಮ್ಮ. ಊರಿನ ನಂಟೇ ಕಮ್ಮಿ."

"ನಮ್ಮೋರೇ ಇರ್ಬೇಕು ಬಿಡು. ಮಾತು ಕೇಳಿದ್ರೆ ಗೊತ್ತಾಗಲ್ವಾ," ಎಂದು ಅವರು ಇನ್ನೆರಡು ಇಡ್ಲಿ ಹಾಕಿದರು. ಅವನು ಹೌದು ಎನ್ನಲಿಲ್ಲ. ಅಲ್ಲ ಎನ್ನಲಿಲ್ಲ. ಇಡ್ಲಿ ತಿಂದ.

ಊಟದ ನಂತರ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ವಸಂತ್ ರಸ್ತೆಬದಿಯ ನಲ್ಲಿಯ ಹತ್ತಿರ ಹೋದ. ಕದಿರಮ್ಮ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿ ತೊಳೆದು ಒಂದು ಕಡೆ ಬೋರಲು ಹಾಕುತ್ತಿದ್ದಳು. ಅವಳು ದೂರ ಸರಿದ ಮೇಲೆ ಭಾಗ್ಯಮ್ಮನವರ ಕಡೆಯ ಹೆಂಗಸೊಬ್ಬರು ಬಂದು, ಆ ಪಾತ್ರೆಗಳ ಮೇಲೆ ಚೆಂಬಿನಿಂದ ನೀರು ಚಿಮುಕಿಸಿ, ಆಮೇಲೆ ಮುಟ್ಟಿ ಒಳಗಿಡುತ್ತಿದ್ದರು. ಪ್ರತಿ ಸಲವೂ ಹೀಗೇ. ಅಡುಗೆ ಮಾಡಿದ ಪಾತ್ರೆಯನ್ನು ಅವಳು ಮುಟ್ಟಬಹುದು. ಅಡುಗೆ ಮಾಡುವ ಪಾತ್ರೆಯನ್ನು ಮುಟ್ಟಬಾರದು. ಎರಡೂ ಒಂದೇ ಪಾತ್ರೆ.

ವಸಂತ್ ಕೈ ತೊಳೆಯುವವನಂತೆ ಬಗ್ಗಿದ.

"ದೊಡ್ಡಮ್ಮ. ನಾನು ಎತ್ತಿದ್ದೆ."

"ನೋಡ್ದೆ," ಎಂದಳು ಅವಳು. ತಲೆ ಎತ್ತಲಿಲ್ಲ. "ಎತ್ತಿದ್ದೆ. ಮತ್ತೆ ಇಟ್ಟೆ."

"ಏನ್ ಮಾಡ್ಲಿ ಹೇಳು. ಅವರು ಅಷ್ಟು ಜನ."

"ನೀನು ಚಿಕ್ಕೋನಿದ್ದಾಗ, ಗೌಡರ ಮನೆ ಹಿತ್ತಲಲ್ಲಿ, ನಿನ್ನ ಎಲೆ ನಾನೇ ಎತ್ತುತಿದ್ದೆ. ನಿಮ್ಮವ್ವ ಬೈತಿದ್ಳು, ಅವನೇ ಎತ್ಲಿ ಅಂತ. ನಾನು ಬಿಡ್ತಿರ್ಲಿಲ್ಲ. ಮಗ ಇದನ್ನ ಕಲಿಯೋದು ಬ್ಯಾಡ ಅಂತ." ಅವಳು ಸೌಟಿಗೆ ಬೂದಿ ಹಾಕಿ ತಿಕ್ಕಿದಳು. "ಹೋಗು. ಯಾರಾದ್ರೂ ನೋಡ್ತಾರೆ."

ಅವಳೇ ಹೋಗು ಎಂದಳು. ಆದ್ದರಿಂದ ಅವನು ಹೋದ.

ಬಸ್ಸಿನ ಬಾಗಿಲಲ್ಲಿ ಡ್ರೈವರ್ ಮುಜಾಮಿಲ್ ಕೂತು ಪಾರ್ಸೆಲ್ ತಂದ ಬಿರಿಯಾನಿ ತಿನ್ನುತ್ತಿದ್ದ. ದೊಡ್ಡಬಳ್ಳಾಪುರದವನು. ಇವರ ಸಾಲಿಗೆ ಅವನನ್ನು ಯಾರೂ ಕರೆಯಲಿಲ್ಲ. ಅವನೂ ಬರಲಿಲ್ಲ.

"ಗುರು, ಒಂದು ಕೇಳ್ಲಾ? ಆ ಅಮ್ಮ ನಿಮಗೆ ಏನಾಗ್ಬೇಕು?"

"ಯಾಕೆ?"

"ಮೂಗು ಒಂದೇ ಥರ ಐತೆ. ನಮ್ಮ ಖಾಲಾ, ಅಂದ್ರೆ ನಮ್ಮಮ್ಮನ ಅಕ್ಕ, ಅವರದೂ ನಂದೂ ಹಿಂಗೇ."

"ಎಲ್ಲರ ಮೂಗೂ ಒಂದೇ ಥರಾನೇ ಇರುತ್ತೆ," ಎಂದ ವಸಂತ್.

ಮುಜಾಮಿಲ್ ಅವನನ್ನೇ ನೋಡಿದ. "ಹಂಗಾದ್ರೆ ಸರಿ," ಎಂದು ಪೊಟ್ಟಣ ಸುತ್ತಿ ಎಸೆದ.

ಮೃಗಾಲಯದಲ್ಲಿ ಹುಲಿ ಮಲಗಿತ್ತು. ಕೆಂಪರಾಜ್ ಶಿಳ್ಳೆ ಹಾಕಿದ. ಕಿವಿ ಮಾತ್ರ ಅಲ್ಲಾಡಿತು. "ನೋಡ್ರಪ್ಪ, ಪಂಚಾಯ್ತಿ ಮೀಟಿಂಗಲ್ಲಿ ನಮ್ಮಪ್ಪ ಕೂತಂಗೆ ಐತೆ," ಎಂದ. ಎಲ್ಲರೂ ನಕ್ಕರು, ವೆಂಕಟರಾಯಪ್ಪನವರೂ ನಕ್ಕರು. ಕೆಂಪರಾಜನ ಮಗಳು ಅರ್ಪಿತ ಪಿಯುಸಿ ಓದುತ್ತಿದ್ದಳು. ಅವಳು ಫೋಟೋ ತೆಗೆಯುತ್ತಾ, "ತಾತ, ಕದಿರಮ್ಮನೂ ಬರ್ಬೋದಿತ್ತು, ಹುಲಿ ನೋಡ್ತಿದ್ಲು," ಎಂದಳು.

"ಪಾತ್ರೆ ಯಾರು, ನಿಮ್ಮಜ್ಜಿ ಕಾಯ್ತಾಳಾ?" ಎಂದರು ತಾತ.

ವಸಂತ್ ಕಾಳಿಂಗ ಸರ್ಪದ ಬಗ್ಗೆ ಹೇಳಿದ. ಅದು ಎಲೆಗಳನ್ನು ಕೂಡಿಸಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ ಎಂದ. ಜನ ತಲೆದೂಗಿದರು. ಅವನು ಚೆನ್ನಾಗಿ ಹೇಳುತ್ತಿದ್ದ. ಅದೇ ಅವನಿಗೆ ಹೇಸಿಗೆ ಎನ್ನಿಸಿತು. ಒಳಗೆ ಏನೇ ಆಗುತ್ತಿದ್ದರೂ ದನಿ ಸರಿಯಾಗಿಯೇ ಬರುತ್ತಿತ್ತು.

ಆ ರಾತ್ರಿ ಊರ ಅಂಚಿನ ಒಂದು ಛತ್ರದಲ್ಲಿ ಉಳಿದರು. ಬೆಳಿಗ್ಗೆ ಎದ್ದಾಗ ಗಂಡಸರ ಕಡೆಯ ಕಕ್ಕಸು ಕಟ್ಟಿಕೊಂಡಿತ್ತು. ನೀರು ತುಂಬಿ ಬಾಗಿಲ ಆಚೆಗೆ ಹರಿದಿತ್ತು. ಛತ್ರದ ಕಾವಲಿನವನು ಪ್ಲಂಬರ್‌ಗೆ ಫೋನ್ ಮಾಡುತ್ತೇನೆ, ಸ್ವಲ್ಪ ಹೊತ್ತು ಕಾಯಿರಿ ಎಂದ.

"ಪ್ಲಂಬರ್ ಯಾಕೆ," ಎಂದ ಕೆಂಪರಾಜ್. "ಕದಿರಮ್ಮನ್ನ ಕರೀರಿ."

ಗಂಡಸರು ಸಾಲಾಗಿ ನಿಂತಿದ್ದರು. ಹೆಗಲ ಮೇಲೆ ಟವೆಲು. ಬಾಯಲ್ಲಿ ಬ್ರಷ್ಷು. ಸಾಲಿನಲ್ಲಿ ವಸಂತನೂ ಇದ್ದ. ಕದಿರಮ್ಮ ಬಂದು ಸೀರೆ ಎತ್ತಿ ಕಟ್ಟಿದಳು. ಕಾವಲಿನವನು ಒಂದು ಕೋಲು ಕೊಟ್ಟ. ಕೋಲಿಗೆ ಆಗಲಿಲ್ಲ. ಅವಳು ಒಂದು ಪ್ಲಾಸ್ಟಿಕ್ ಚೀಲ ಕೇಳಿದಳು. ಯಾರೂ ತರಲು ಹೋಗಲಿಲ್ಲ. ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮೊಣಕಾಲೂರಿ, ಕೈಯನ್ನೇ ಒಳಗೆ ಬಿಟ್ಟಳು. ಮೊಣಕೈವರೆಗೆ. ಅವಳ ಉಸಿರು ಸಾಲಿನ ಕೊನೆಯವರೆಗೂ ಕೇಳುತ್ತಿತ್ತು. ಬಟ್ಟೆಯ ಮುದ್ದೆಯೊಂದು ಹೊರಬಂತು. ನೀರು ಗುಡುಗುಡು ಎಂದು ಇಳಿಯಿತು.

"ಪರ್ವಾಗಿಲ್ಲ, ಪಳಗಿದ ಕೈ ಅವಳದು," ಎಂದು ಯಾರೋ ಅಂದರು.

ಅವಳು ನೆಲ ತೊಳೆದಳು. ಬಕೆಟ್ಟು ಹಿಡಿದು ಹೊರಬಂದಳು. ಸಾಲಿನವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ವಸಂತನೂ ಗೋಡೆಗೆ ಒತ್ತಿಕೊಂಡ. ಅವಳು ಅವನ ಮುಂದೆ ಹಾದು ಹೋದಳು. ನೋಡಲಿಲ್ಲ. ಸಾಲು ಮುಂದೆ ಸರಿಯಿತು. ಅವನ ಸರದಿ ಬಂದಾಗ ಅವನು ಒಳಗೆ ಹೋಗಿ ಚಿಲಕ ಹಾಕಿಕೊಂಡ. ನೆಲ ಇನ್ನೂ ಒದ್ದೆಯಿತ್ತು. ಅಳಬೇಕು ಎನ್ನಿಸಿತು. ಹೊರಗೆ ಜನ ಕಾಯುತ್ತಿದ್ದಾರೆ ಎಂದು ನೆನಪಾಗಿ ಬೇಗ ಮುಗಿಸಿ ಬಂದ.

ಆ ದಿನ ಮೂಡುಬಿದಿರೆಯ ಬಸದಿ ನೋಡಿದರು. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ವಸಂತ್ ತೋರಿಸಿದ. ಅರ್ಪಿತ ಒಂದು ಕಂಬವನ್ನು ಸವರುತ್ತಾ, "ಸಾರ್, ಈ ಕಲ್ಲೆಲ್ಲ ಇಲ್ಲಿಗೆ ಹೊತ್ತೋರು ಯಾರು?" ಎಂದಳು. ಅವನು ರಾಜರ ಹೆಸರು ಹೇಳಿದ. ವರ್ತಕರ ಹೆಸರು ಹೇಳಿದ. ಅವಳು ಕೇಳಿದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಂಗಳೂರಿಗೆ ವಾಪಸು ಬಂದು ಹೊಳೆ ದಂಡೆಯ ಹಳೆಯ ಬುರುಜು ಸುಲ್ತಾನ್ ಬತ್ತೇರಿ ನೋಡಿದರು. "ನಮ್ಮ ದೇವನಹಳ್ಳೀಲಿ ಹುಟ್ಟಿದ ಸುಲ್ತಾನ ಇಲ್ಲಿಗಂಟ ಬಂದು ಕಟ್ಟವ್ನೆ," ಎಂದು ಒಬ್ಬರು ಮುದುಕರು ಗೋಡೆ ತಟ್ಟಿದರು. ಹೊಳೆಯ ಮೇಲಿನ ಗಾಳಿಗೆ ಎಲ್ಲರಿಗೂ ಹಸಿವಾಯಿತು.

ಮಧ್ಯಾಹ್ನದ ಊಟ ಸಮುದ್ರದ ದಂಡೆಯ ಗಾಳಿ ಮರಗಳ ಕೆಳಗೆ. ಇಲ್ಲಿನ ದಪ್ಪ ಅಕ್ಕಿ ನಮಗಾಗುವುದಿಲ್ಲ ಎಂದು ಅಲ್ಲೂ ಮುದ್ದೆಯೇ ಆಯಿತು. ಮರಳು ಹಾರದಂತೆ ಉದ್ದಕ್ಕೆ ಜಮಖಾನ ಹಾಸಿದರು. ವಸಂತನನ್ನು ಮತ್ತೆ ನಡುವೆ ಕೂರಿಸಿದರು. ಬಡಿಸಿದರು. ಅವನು ಬೇಡ ಎನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಿದ್ದರೂ ಸಾಕಿತ್ತು. ಅದೂ ಬಾಯಿಗೆ ಬರಲಿಲ್ಲ. ಈ ಸಲ ಊಟ ಮುಗಿದ ಮೇಲೆ ಅವನು ಎಲೆ ಮುಟ್ಟಲಿಲ್ಲ. ಉಳಿದವರಂತೆ ಎದ್ದು, ಉಳಿದವರಂತೆ ಕೈ ತೊಳೆದ.

ಕದಿರಮ್ಮ ಒಂದು ತುದಿಯಿಂದ ಎಲೆ ಎತ್ತುತ್ತಾ ಬಂದಳು. ವೆಂಕಟರಾಯಪ್ಪನವರ ಎಲೆ ಎತ್ತಿದಳು. ಪಕ್ಕದ ಎಲೆ ಬಿಟ್ಟಳು. ಕೆಂಪರಾಜನ ಎಲೆ ಎತ್ತಿದಳು. ಸಾಲು ಮುಗಿಸಿ ಕುಕ್ಕೆಯನ್ನು ತೊಟ್ಟಿಗೆ ಸುರಿದು ಬಂದು, ಪಾತ್ರೆಗಳ ಮುಂದೆ ಕೂತಳು.

ಜಮಖಾನದ ನಡುವೆ ಒಂದು ಎಲೆ ಉಳಿದಿತ್ತು.

"ಲೇ, ಅಲ್ಲೊಂದು ಬಿಟ್ಟಿದೀಯ," ಎಂದರು ಭಾಗ್ಯಮ್ಮ.

"ಗೊತ್ತು ಅಮ್ಮೋರೆ."

"ಎತ್ತು ಮತ್ತೆ. ಜಮಖಾನ ಮಡಚ್ಬೇಕು."

"ಅದನ್ನ ನಾನು ಎತ್ತಲ್ಲ."

ಅವಳು ದನಿ ಏರಿಸಿರಲಿಲ್ಲ. ಭಾಗ್ಯಮ್ಮನವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಎತ್ತಲ್ಲ ಅಂದ್ರೆ? ಅದು ಗೈಡ್ ಉಂಡಿದ್ದು."

"ಹೂಂ. ಗೈಡ್ ಉಂಡಿದ್ದೇ."

ಕೆಂಪರಾಜ್ ಹತ್ತಿರ ಬಂದ. "ಏನಮ್ಮ ನಿಂದು? ಎಲ್ಲರದ್ದೂ ಎತ್ತಿದೀಯ, ಅವರದೊಂದು ಏನು?"

"ಎಲ್ಲರದ್ದೂ ಎತ್ತಿದೀನಿ. ಬೆಳಿಗ್ಗೆ ನಿಮ್ಮ ಹೇಲೂ ಎತ್ತಿದೀನಿ. ಅದೊಂದು ಎತ್ತಲ್ಲ. ಕೊಂದ್ರೂ ಎತ್ತಲ್ಲ."

ಅವಳ ಬಾಯಿಂದ ಅಂಥ ಮಾತು ಅವರು ಕೇಳಿರಲಿಲ್ಲ. ಭಾಗ್ಯಮ್ಮ ದನಿ ತಗ್ಗಿಸಿ, "ಏನೇ, ಆ ಹುಡುಗ ಏನಾದ್ರೂ ಅಂದನಾ? ಮೈ ಕೈ ಮುಟ್ಟಿದ್ನಾ? ಹೇಳು," ಎಂದರು.

"ಏನೂ ಮಾಡಿಲ್ಲ," ಎಂದಳು ಕದಿರಮ್ಮ. "ಅವರು ಏನೂ ಮಾಡಿಲ್ಲ."

ವೆಂಕಟರಾಯಪ್ಪ ವಸಂತನ ಕಡೆ ತಿರುಗಿದರು. "ಏನ್ರೀ ಇದು? ನಿಮಗೇನಾದ್ರೂ ಗೊತ್ತಾ?"

ಎಲ್ಲರೂ ಅವನನ್ನು ನೋಡುತ್ತಿದ್ದರು. ಕದಿರಮ್ಮನೂ ನೋಡುತ್ತಿದ್ದಳು. ನೆಲಮಂಗಲದಲ್ಲಿ ಬಸ್ಸು ಹತ್ತಿದ ಮೇಲೆ ಅವಳು ಅವನನ್ನು ನೇರವಾಗಿ ನೋಡಿದ್ದು ಆಗಲೇ. ಕೋಪದ ನೋಟವಲ್ಲ. ಕಾಯುವ ನೋಟ. ಬಾಯಿ ತೆರೆದರೆ ಸಾಕು. ಬಾಯಿಯೂ ಬೇಡ, ನಾಲ್ಕು ಹೆಜ್ಜೆ ನಡೆದು ಬಗ್ಗಿದರೆ ಸಾಕು. ಅವನ ಕಾಲು ಮರಳಿನಲ್ಲಿತ್ತು. ಮರಳು ಬಿಸಿಯಿತ್ತು.

"ಗೊತ್ತಿಲ್ಲ ಸಾರ್," ಎಂದ ವಸಂತ್.

ಕದಿರಮ್ಮ ದಬರಿಯ ಕಡೆ ತಿರುಗಿದಳು. ತಿಕ್ಕಲಿಲ್ಲ. ತೆಂಗಿನ ನಾರನ್ನು ಕೆಳಗಿಟ್ಟಳು. ಕೈ ತೊಳೆದುಕೊಂಡಳು. "ಇದನ್ನೂ ಇನ್ನು ನೀವೇ ತೊಳ್ಕೊಳ್ಳಿ ಅಮ್ಮೋರೆ," ಎಂದು ಎದ್ದಳು.

ಆಮೇಲೆ ಬೈಗುಳ. ಕೊಬ್ಬು ಎಂದರು. ಮೀಸಲಾತಿ ಎಂದರು. ಮುದುಕರೊಬ್ಬರು ಜಾತಿ ಹಿಡಿದು ಹಳೆಯ ಮಾತೊಂದನ್ನು ಆಡಿದರು. ಈಗ ಆ ಮಾತು ಆಡಿದರೆ ಕೇಸಾಗುತ್ತದೆ ಎಂದು ಪಕ್ಕದವರು ಅವರ ತೊಡೆ ಒತ್ತಿದರು. ವೆಂಕಟರಾಯಪ್ಪ ಮಾತ್ರ ಮೆಲ್ಲಗೆ ಹೇಳಿದರು. "ಊರಿಗೆ ಹೋದ್ಮೇಲೆ ಕೊಟ್ಟಿಗೆ ಕಡೆ ಬರ್ಬೇಡ. ನಿನ್ನ ಮಗಳು ಮನೆ ಕಟ್ಕೊಂಡಿರೋ ಜಾಗ ಯಾರದು ಅಂತ ಅಳಿಯನ್ನ ಕೇಳು." ಕದಿರಮ್ಮ ಕೇಳಿಸಿಕೊಂಡಳು. ಸೆರಗು ಸರಿ ಮಾಡಿಕೊಂಡಳು. ಆದರೂ ಅವಳು ಎಲೆಯ ಕಡೆ ಹೋಗಲಿಲ್ಲ.

ಅರ್ಪಿತ ಎದ್ದು ಎಲೆಯ ಹತ್ತಿರ ಬಗ್ಗಿದಳು. ಭಾಗ್ಯಮ್ಮ ಅವಳ ಕೈಗೆ ಹೊಡೆದರು. "ಮುಟ್ಟಬೇಡ. ಇವಳು ಎತ್ತದೆ ನೀನು ಎತ್ತೋದಾ?" ಕೊನೆಗೆ ಹೆಂಗಸರು ಎಲೆಯ ಸಮೇತ ಜಮಖಾನ ಕೊಡವಿದರು. ಎಲೆ ಮರಳಿಗೆ ಬಿತ್ತು. ಕಾಗೆ ಬಂದವು. ಕದಿರಮ್ಮನಿಗೆ ಆವತ್ತು ಊಟ ಹಾಕಲಿಲ್ಲ. ಅವಳು ಕೇಳಲೂ ಇಲ್ಲ. ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಸಮುದ್ರ ನೋಡಿದ್ದು ಅದೇ ಮೊದಲು.

"ಇವಳನ್ನ ಇಲ್ಲೇ ಬಿಟ್ಟು ಹೋಗೋಣ," ಎಂದ ಕೆಂಪರಾಜ್. "ಸರ್ಕಾರಿ ಬಸ್ಸಲ್ಲಿ ಬರ್ಲಿ, ಗೊತ್ತಾಗುತ್ತೆ."

ಮುಜಾಮಿಲ್ ಟೈರಿಗೆ ಒರಗಿ ನಿಂತಿದ್ದ. "ಆಗಲ್ಲ ಅಣ್ಣ," ಎಂದ. "ನನ್ನ ಗಾಡೀಲಿ ಬಂದೋರು ನನ್ನ ಗಾಡೀಲೇ ವಾಪಸ್ ಹೋಗ್ತಾರೆ."

"ನೀನ್ಯಾರಪ್ಪ ಮಧ್ಯದಲ್ಲಿ?"

"ಡ್ರೈವರು. ಕೀ ನನ್ನ ಹತ್ರ ಐತೆ."

ಅಷ್ಟು ಹೇಳಲು ಅವನಿಗೆ ಯಾವ ನಂಟೂ ಬೇಕಾಗಲಿಲ್ಲ. ವಸಂತ್ ಅದನ್ನು ಪಕ್ಕದಲ್ಲೇ ನಿಂತು ಕೇಳಿದ.

ಮರುದಿನ ಬೆಳಿಗ್ಗೆ ಬಸ್ಸು ಶಿರಾಡಿ ಘಾಟಿ ಹತ್ತಿತು. ಕದಿರಮ್ಮ ಕೊನೆಯ ಸೀಟಿನಲ್ಲಿ. ಪಾತ್ರೆಗಳನ್ನು ಅವಳ ಹತ್ತಿರದಿಂದ ತೆಗೆದು ಮುಂದಿಟ್ಟಿದ್ದರು. ಅವಳ ಪಕ್ಕ ಯಾರೂ ಕೂರಲಿಲ್ಲ. ಮಾತೆಲ್ಲ ಅವಳಿಗೆ ಕೇಳಿಸಲೆಂದೇ ಆಡುತ್ತಿದ್ದರು.

"ಪಾಪ, ಒಳ್ಳೆ ಮನೆತನದ ಹುಡುಗ," ಎಂದರು ಭಾಗ್ಯಮ್ಮ, ವಸಂತನ ತೋಳು ಮುಟ್ಟಿ. "ಮನಸ್ಸಿಗೆ ಹಚ್ಕೋಬೇಡಪ್ಪ. ಅವ್ರ ಬುದ್ಧಿನೇ ಅಷ್ಟು."

"ಏನಿಲ್ಲ ಅಮ್ಮ," ಎಂದ ಅವನು.

"ಏನಾದ್ರೂ ಹೇಳು. ಕಾಡಿನ ವಿಷ್ಯ ಹೇಳು. ಸುಮ್ನಿದ್ರೆ ಬೇಜಾರು."

ಅವನು ಮೈಕು ತೆಗೆದುಕೊಂಡ. ಈ ಕಾಡಿನಲ್ಲಿ ಆನೆ ಇವೆ ಎಂದ. ಸಿಂಗಳೀಕ ಇದೆ, ಅದು ಮರ ಬಿಟ್ಟು ನೆಲಕ್ಕೆ ಇಳಿಯುವುದು ಅಪರೂಪ ಎಂದ. ಬಸ್ಸಿನ ಹಿಂದಿನ ಸ್ಪೀಕರು ಕೊನೆಯ ಸೀಟಿನ ನೆತ್ತಿಯ ಮೇಲಿತ್ತು. ಅವನ ದನಿ ಮೊದಲು ಅವಳ ಮೇಲೆ ಬೀಳುತ್ತಿತ್ತು. ಅವಳು ಒಮ್ಮೆ ತಲೆ ಎತ್ತಿ ಸ್ಪೀಕರನ್ನು ನೋಡಿದಳು. ಆಮೇಲೆ ಕಿಟಕಿಯ ಗಾಜು ಎಳೆದು, ಗಾಳಿಗೆ ಮುಖ ಕೊಟ್ಟು ಕೂತಳು. ಸಕಲೇಶಪುರದವರೆಗೂ ಅವನು ಮಾತಾಡಿದ.

ನೆಲಮಂಗಲದಲ್ಲಿ ಬಸ್ಸು ನಿಂತಾಗ ಬಿಸಿಲು ಇಳಿಯುತ್ತಿತ್ತು. ಅವನು ಇಳಿಯುವ ಜಾಗ ಅದು. ಉಳಿದವರು ತ್ಯಾಮಗೊಂಡ್ಲು ಕಡೆಗೆ ಹೋಗುವವರು. ವೆಂಕಟರಾಯಪ್ಪ ಕೈ ಕುಲುಕಿದರು. ಮುಂದಿನ ವರ್ಷ ಕಾರವಾರದ ಕಡೆ ಇಟ್ಟುಕೊಂಡಿದ್ದೇವೆ, ನೀವೇ ಬರಬೇಕು ಎಂದರು. "ಮನೆಗೂ ಬನ್ನಿ ಒಂದಿನ. ನಮ್ಮೋರೇ ನೀವು."

"ಆಗ್ಲಿ ಸಾರ್," ಎಂದ ವಸಂತ್.

ಮೆಟ್ಟಿಲಿನ ಮೇಲೆ ನಿಂತು ಹಿಂದೆ ನೋಡಿದ. ಕದಿರಮ್ಮ ಎಚ್ಚರವಾಗಿದ್ದಳು. ತನ್ನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಇಳಿಯಲು ಇನ್ನೂ ದಾರಿಯಿದ್ದರೂ ಸಿದ್ಧಳಾಗಿ ಕೂತಿದ್ದಳು. ನಾಳೆ ಕೆಲಸವಿಲ್ಲ. ಮಗಳ ಮನೆಯ ಜಾಗದ ಮಾತು ಏಳುತ್ತದೆ. ಅವಳ ಮುಖದಲ್ಲಿ ಅದರ ಭಯವಿತ್ತು. ಅವನ ಕಡೆಗೆ ಏನೂ ಇರಲಿಲ್ಲ.

"ಗುರು, ಇಳೀತೀಯಾ?" ಎಂದ ಮುಜಾಮಿಲ್. ಮೂರು ದಿನ ನೀವು ಎಂದವನು ಈಗ ನೀನು ಎಂದ.

ಇಳಿದ. ಬಾಗಿಲು ಮುಚ್ಚಿಕೊಂಡಿತು. ಬಸ್ಸು ಲಾರಿಗಳ ನಡುವೆ ದಾರಿ ಮಾಡಿಕೊಂಡು ಸೇತುವೆಯ ಕೆಳಗೆ ಹೊಕ್ಕು ಮರೆಯಾಯಿತು.

ಅವಳು ನನ್ನ ದೊಡ್ಡಮ್ಮ ಎಂದು ವಸಂತ್ ಹೇಳಲಿಲ್ಲ.